ಜೋನಾನ ಗದ್ದೆಯಲ್ಲಿ ನಿಂತವರು

ಲೆಸ್ಟರಿನಲ್ಲಿ ಮ್ಯೂಸಿಯಂ ವಿಷಯ ಓದಲು ಬಂದಿರುವ ಬೆಂಗಳೂರಿನ ಇಬ್ಬರು ಹುಡುಗಿಯರು ಹೋದ ಯುಗಾದಿಗೆ ಮನೆಗೆ ಊಟಕ್ಕೆ ಬಂದಿದ್ದರು. ಹೋಳಿಗೆ ಮುರಿಯುತ್ತಾ ಒಬ್ಬಳು, "ಆಂಟಿ, ನಿಮ್ಮ ಕೆಲಸ ಎಷ್ಟು ಚೆನ್ನಾಗಿತ್ತು ಅಲ್ವಾ? ಇಡೀ ದಿನ ಹಿಸ್ಟರಿ ಜೊತೆಗೇ ಇರಬಹುದಿತ್ತು" ಎಂದಳು. ನನಗೆ ನಗು ಬಂತು. ಹಿಸ್ಟರಿ ಜೊತೆ ಇರಬಹುದು, ನಿಜ. ಆದರೆ ಗಿರಾಕಿಯ ಜೊತೆಗೂ ಇರಬೇಕಲ್ಲ? ಅದನ್ನು ಯಾವ ಯೂನಿವರ್ಸಿಟಿಯೂ ಕಲಿಸುವುದಿಲ್ಲ. ಆ ಇಬ್ಬರೂ ಇದೇ ಕೆಲಸಕ್ಕೆ ಸೇರಬೇಕೆಂದಿದ್ದಾರೆ. ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಇತಿಹಾಸ ಎಂ.ಎ. ಮುಗಿಸಿ, ಕೊವೆಂಟ್ರಿಯಲ್ಲಿ ಇಂಜಿನಿಯರ್ ಆಗಿದ್ದವರನ್ನು ಮದುವೆಯಾಗಿ ಈ ದೇಶಕ್ಕೆ ಬಂದವಳು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಬರ್ಮಿಂಗ್‌ಹ್ಯಾಮಿನ ಒಂದು ಸಣ್ಣ ಕಚೇರಿ ಸೇರಿದೆ. "ನಮ್ಮ ಪೂರ್ವಜರು ಯಾರು, ಹುಡುಕಿಕೊಡಿ" ಎಂದು ಜನ ಬರುತ್ತಿದ್ದರು. ನಾವು ಹುಡುಕಿ, ವಂಶವೃಕ್ಷ ಬರೆದು, ಗಾಜಿನ ಚೌಕಟ್ಟು ಹಾಕಿ ಕೊಡುತ್ತಿದ್ದೆವು. ಊರಿಗೆ ಫೋನು ಮಾಡಿ ಹೀಗೆ ಹೀಗೆ ಕೆಲಸ ಎಂದು ಹೇಳಿದಾಗ ನಮ್ಮವ್ವ, "ಇಂಗ್ಲೆಂಡಿಗೆ ಹೋಗಿ ಹೆಳವರಾಕಿ ಆದೇನವಾ? ಇದಕ್ಕ ಎಂ.ಎ. ಓದಿಸಬೇಕಿತ್ತೇನು?" ಎಂದಳು.

ಬೆಂಗಳೂರಿನ ಹುಡುಗಿಯರಿಗೆ ಹೆಳವರೆಂದರೆ ಯಾರೆಂದು ಗೊತ್ತಿರಲಾರದು. ಮನೆತನಗಳ ಹುಟ್ಟು, ವಲಸೆ, ಪಾಲು ಎಲ್ಲವನ್ನೂ ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದು, ಮನೆ ಮುಂದೆ ಕೂತು ಹೇಳಿ, ಕಾಳುಕಡಿ ಪಡೆದು ಹೋಗುವ ಜನ. ಗದಗದ ಕಡೆಯ ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಹೆಳವರ ಯಲ್ಲಪ್ಪ ಎತ್ತಿನ ಮೇಲೆ ಕೂತು ಬರುತ್ತಿದ್ದ. ಕಟ್ಟೆಗೆ ಕಂಬಳಿ ಹಾಸಿಕೊಟ್ಟರೆ ಕೂತು, ವಂಶಾವಳಿಯ ಪುಸ್ತಕ ಬಿಚ್ಚಿ ರಾಗವಾಗಿ ಓದಲು ಶುರು ಮಾಡುತ್ತಿದ್ದ. ಒಂದು ಸಲ ನಮ್ಮ ಮುತ್ತಜ್ಜ ಇಟ್ಟುಕೊಂಡಿದ್ದ ಹೆಂಗಸಿನ ಮಗನ ಮಾತು ಬಂತು. ಆ ಮಗನನ್ನು ಹೊಲ ಕೊಡದೆ ಊರು ಬಿಡಿಸಿದ್ದರಂತೆ. ಬೀಗರು ಕೂತಿದ್ದರು. ಅಜ್ಜ ಕೈ ಎತ್ತಿ, "ಅದು ಬ್ಯಾಡಪಾ, ಮುಂದ ಹೋಗು" ಎಂದ. ಯಲ್ಲಪ್ಪ ಪುಸ್ತಕದ ದಾರ ಕಟ್ಟತೊಡಗಿದ. "ಓದಿದ್ರ ಎಲ್ಲಾ ಓದತೇನ್ರಿ ಗೌಡ್ರ. ಒಂದ ಟೊಂಗಿ ಬಿಟ್ರ ಅದು ಗಿಡ ಅಲ್ರಿ, ಬರೇ ಕಟಗಿ." ಅಜ್ಜನ ಮುಖ ಕೆಂಪಾಯಿತು. ಆದರೂ "ಓದು" ಎಂದ. ಯಲ್ಲಪ್ಪ ಓದಿದ. ಪ್ರತಿ ವರ್ಷದ ಹಾಗೆ ಜೋಳ ಅಳೆದು ಕೊಟ್ಟರು.

ಆಗ ನಾನು ಲಂಗ ತೊಡುವ ಹುಡುಗಿ. ನನ್ನ ಕೆಲಸದ ಪಾಠ ಅಲ್ಲೇ ಆಗಿಹೋಗಿತ್ತು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ನಮ್ಮ ಸಾಹೇಬ ನೈಜೆಲ್‌ಗೆ ಯಲ್ಲಪ್ಪನನ್ನು ತೋರಿಸಬೇಕಿತ್ತು. ನೈಜೆಲ್ ಕೆಟ್ಟವನಲ್ಲ. ಬೆನ್ನುಮೂಳೆ ಇರಲಿಲ್ಲ, ಅಷ್ಟೇ. "ಗಿರಾಕಿಗೆ ಹಿತವಾಗುವ ಸತ್ಯ ಹುಡುಕುವುದೇ ನಮ್ಮ ಕಸುಬು, ಶಾಂತಾ" ಎನ್ನುತ್ತಿದ್ದ. ಗಿರಾಕಿಗಳಿಗೆ ಹಿತವಾಗುತ್ತಿದ್ದುದು ಒಂದೇ: ಯಾರಾದರೂ ಲಾರ್ಡು, ಡ್ಯೂಕು, ಕೊನೆಪಕ್ಷ ಒಬ್ಬ ಬಿಷಪ್ಪು. ನನ್ನ ಇಡೀ ಸೇವೆಯಲ್ಲಿ "ನಮ್ಮ ವಂಶದಲ್ಲಿ ಒಬ್ಬ ಕಳ್ಳನನ್ನಾದರೂ ಹುಡುಕಿ" ಎಂದು ಕೇಳಿದವರನ್ನು ನಾನು ಕಾಣೆ. ಸಾಲಿಹಲ್‌ನ ಒಬ್ಬ ಮಹಾಶಯ ಬಂದಿದ್ದ, ಮನೆ ಮಾರಿಸುವ ದಲ್ಲಾಳಿ. ಅವನ ಅಜ್ಜಿ ಸಾಯುವ ಮುಂಚೆ "ನಾವು ಡ್ಯೂಕ್ ಮನೆಯವರು" ಎಂದಿದ್ದಳಂತೆ. ಹುಡುಕುತ್ತಾ ಹೋದೆ. ಅಪ್ಪ ಹಂದಿ ಸಾಕಿದವನು, ಅವನಪ್ಪ ಹಂದಿ ಸಾಕಿದವನು, ಅವನಪ್ಪ ಹಂದಿ ಕದ್ದು ಸಿಕ್ಕಿಬಿದ್ದವನು. ಹೇಳಿದೆ. ಅವನು ಬಹಳ ಸೌಜನ್ಯದಿಂದ, "ಇನ್ನೊಮ್ಮೆ ನೋಡ್ತೀರಾ? ಡ್ಯೂಕ್ ಹಂದಿಗಳ ಹಿಂದೆ ಎಲ್ಲಾದರೂ ಇರಬಹುದು" ಎಂದ.

ನೈಜೆಲ್ ಮಾಡಿದ ಎಡವಟ್ಟುಗಳಲ್ಲಿ ನಾನು ಮರೆಯದಿರುವುದು ಲೀಡ್ಸಿನ ಕುಟುಂಬದ್ದು. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರು ಜಾನ್‌ಗಳಿದ್ದರು. ಶ್ರೀಮಂತ ಜಾನ್‌ನೇ ಇವರ ಮೂಲಪುರುಷ ಎಂದು ನೈಜೆಲ್ ಒಂದು ಗೆರೆ ಎಳೆದುಬಿಟ್ಟ. ಆ ಕುಟುಂಬದವರು ಸಂಭ್ರಮದಿಂದ ಇಡೀ ವೃಕ್ಷವನ್ನು ಪಾತ್ರೆ ಒರೆಸುವ ಬಟ್ಟೆಗಳ ಮೇಲೆ ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಿದರು. ನಮ್ಮ ಕಚೇರಿಗೂ ಒಂದು ಬಂತು. ಅದರಿಂದ ಟೀ ಕಪ್ ಒರೆಸುತ್ತಾ ನಿಂತಿದ್ದಾಗ ನೋಡುತ್ತೇನೆ, ಮಗ ಹುಟ್ಟುವ ಎಷ್ಟೋ ವರ್ಷ ಮುಂಚೆಯೇ ಅಪ್ಪ ಮಣ್ಣಾಗಿದ್ದಾನೆ! ನೈಜೆಲ್‌ಗೆ ತೋರಿಸಿದೆ. "ಪಾತ್ರೆ ಒರೆಸುವಾಗ ಯಾರೂ ತಾರೀಖು ಓದಲ್ಲ ಬಿಡು" ಎಂದ. ಮಕ್ಕಳೇ, ಇದೊಂದು ನೆನಪಿಡಿ. ಹೆಸರು ಸಿಕ್ಕಿತೆಂದು ಗೆರೆ ಎಳೆಯಬೇಡಿ. ಮೊದಲು ಹೆಣ ಯಾವಾಗ ಬಿತ್ತು ನೋಡಿ.

ಕೆಲಸದ ರೀತಿಯೂ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಕತ್ತಲೆ ಕೋಣೆಯಲ್ಲಿ ಹಳೆಯ ದಾಖಲೆಗಳ ಮೈಕ್ರೋಫಿಲ್ಮ್ ಸುರುಳಿ ತಿರುಗಿಸಿ ತಿರುಗಿಸಿ ತಲೆ ಸುತ್ತು ಬರುತ್ತಿತ್ತು. ಆಮೇಲೆ ಎಲ್ಲವೂ ಇಂಟರ್‌ನೆಟ್ಟಿಗೆ ಬಂತು. ಗಿರಾಕಿಗಳೇ ಮನೆಯಲ್ಲಿ ಕೂತು ಅರ್ಧ ಹುಡುಕಿ, ಆ ಅರ್ಧವನ್ನೂ ತಪ್ಪು ಹುಡುಕಿ ತರತೊಡಗಿದರು. 2010ರ ದಶಕದ ಹೊತ್ತಿಗೆ ಉಗುಳಿನ ಕಾಲ, ಅಂದರೆ ಡಿ.ಎನ್.ಎ. ಪರೀಕ್ಷೆಯ ಕಾಲ. ಪ್ಲಾಸ್ಟಿಕ್ ನಳಿಗೆಯಲ್ಲಿ ಉಗುಳಿ ಲ್ಯಾಬಿಗೆ ಪೋಸ್ಟ್ ಮಾಡಿದರೆ, ಜಗತ್ತಿನಲ್ಲಿ ನಿಮ್ಮ ರಕ್ತದವರು ಯಾರು ಯಾರು ಉಗುಳಿದ್ದಾರೋ ಅವರೆಲ್ಲರ ಹೆಸರು ಬರುತ್ತದೆ. ದೊಡ್ಡಮನುಷ್ಯರು ತಮ್ಮ ಉಗುಳಿನ ಬಗ್ಗೆ ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ.

ಅದೇ ಕಾಲಕ್ಕೆ ನೈಜೆಲ್ ಹೊಸದೊಂದು ಶುರು ಮಾಡಿದ. ಅದಕ್ಕೆ ನಾವು ಕಚೇರಿಯಲ್ಲಿ 'ನಿಂತ ಮರ' ಎನ್ನುತ್ತಿದ್ದೆವು. ಇಡೀ ಬಳಗ ಸೇರುವ ದಿನ ಹುಲ್ಲುಹಾಸಿನ ಮೇಲೆ ಬಿಳಿ ಪಟ್ಟಿ ಎಳೆದು ವಂಶವೃಕ್ಷವನ್ನೇ ಹಾಸುವುದು. ಬೇರಿನ ಕಡೆ ಮೂಲಪುರುಷರ ಹೆಸರಿನ ಹಲಗೆ. ಅಲ್ಲಿಂದ ಕವಲು ಕವಲಾಗಿ ಪಟ್ಟಿ. ನಾನು ಮೈಕಿನಲ್ಲಿ ಒಂದೊಂದೇ ಶಾಖೆ ಓದುತ್ತೇನೆ. ಆಯಾ ಶಾಖೆಯವರು "ಇದ್ದೇವೆ" ಎಂದು ಕೂಗಿ ತಮ್ಮ ಜಾಗದಲ್ಲಿ ಹೋಗಿ ನಿಲ್ಲುತ್ತಾರೆ. ಎಲ್ಲರೂ ನಿಂತ ಮೇಲೆ ಏಣಿಯ ಮೇಲಿಂದ ಒಂದು ಫೋಟೋ. ನಮ್ಮ ಕರಪತ್ರದಲ್ಲೇ ದೊಡ್ಡ ಅಕ್ಷರದಲ್ಲಿತ್ತು: ಬದುಕಿರುವ, ಖಾತ್ರಿಯಾದ ಪ್ರತಿಯೊಬ್ಬ ವಂಶಸ್ಥರಿಗೂ ಆಮಂತ್ರಣ ನಮ್ಮಿಂದಲೇ ಹೋಗುತ್ತದೆ. ಆ ಆಮಂತ್ರಣ ಕಳಿಸುವ ಕೆಲಸ ನನ್ನದು.

ಇನ್ನು ಕರ್ನಲ್ ಮಾರ್ಬೆಕ್ ಕಥೆ. ಇದು ನನ್ನ ಕೊನೆಯ ಕೆಲಸ. ಕೋವಿಡ್ ಬರುವ ಮುಂಚಿನ ಬೇಸಿಗೆ.

ವಾರ್ವಿಕ್‌ಶೈರಿನ ಒಂದು ಹಳ್ಳಿಯಲ್ಲಿ ಅವರದು ಇಟ್ಟಿಗೆಯ ಹಳೆಯ ದೊಡ್ಡಮನೆ. ಅದರ ಹುಲ್ಲುಹಾಸಿನ ಮೇಲೆ 'ನಿಂತ ಮರ' ಮಾಡಿಸಲು ನಮ್ಮನ್ನು ಕರೆಸಿದ್ದರು. ಹಜಾರಕ್ಕೆ ಕಾಲಿಟ್ಟ ಕೂಡಲೇ ಎದುರಿಗೆ ಒಂದು ತೈಲಚಿತ್ರ. ಕೆಂಪು ಕೋಟು, ದಪ್ಪ ಕೆನ್ನೆ, ಒಂದು ಕೈ ಭೂಪಟದ ಮೇಲೆ. "ನಮ್ಮ ಜೋನಾ" ಎಂದರು ಕರ್ನಲ್, ಮನೆದೇವರನ್ನು ತೋರಿಸುವವರ ಹಾಗೆ. ಅಮೆರಿಕ ಇನ್ನೂ ಬ್ರಿಟಿಷರದಾಗಿದ್ದಾಗ ಕರೋಲಿನಾಕ್ಕೆ ಹೋಗಿ ನದಿಯ ಎರಡೂ ದಡ ಹಿಡಿದು ಜಮೀನು ಮಾಡಿದವನಂತೆ. ಬೆಳಿಗ್ಗೆ ಕುದುರೆ ಹತ್ತಿದರೆ ಸಂಜೆಯವರೆಗೂ ತನ್ನದೇ ನೆಲದ ಮೇಲೆ ಹೋಗಬಹುದಿತ್ತಂತೆ.

"ಅಲ್ಲಿ ಅವನು ಭತ್ತ ಬೆಳೆದ" ಎಂದರು ಕರ್ನಲ್.

ನಾನು ರೈತರ ಮನೆಯವಳು. ಬಾಯಿ ಸುಮ್ಮನಿರಲಿಲ್ಲ. "ಗದ್ದೆಗೆ ಇಳೀತಿದ್ದರಾ?" ಎಂದು ಕೇಳಿದೆ.

ಅವರು ನಕ್ಕರು. "ಇಳಿಯೋಕೆ ಜನ ಇದ್ದರಲ್ಲ!"

ಜನ. ಆ ಮನೆಯಲ್ಲಿ ಗುಲಾಮರು ಎಂಬ ಮಾತು ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಜನ, ಕೈಗಳು, ಕೆಲಸದವರು, ಹೀಗೆ ಏನೇನೋ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ ನಾವು. ಅಲ್ಲಿ ಕೆಸರಾದ ಕೈ ಯಾರದ್ದೋ, ಮೊಸರು ಮೆತ್ತಿದ ಬಾಯಿ ಯಾರದ್ದೋ.

ಜೋನಾನ ಬದುಕನ್ನು ಹುಡುಕಿ ತೆಗೆಯಲು ನನಗೆ ಬಹಳ ಕಷ್ಟವಾಗಲಿಲ್ಲ. ಜಮೀನು ಇದ್ದವನ ಬಗ್ಗೆ ಎಲ್ಲರೂ ಬರೆದಿಟ್ಟಿರುತ್ತಾರೆ. ಅಪ್ಪ ಹಳ್ಳಿಯಲ್ಲಿ ಬಾರ್ಲಿ ಮೊಳಕೆ ಕಟ್ಟಿ ಮಾಲ್ಟ್ ಮಾಡಿ ಬಿಯರ್ ಭಟ್ಟಿಗೆ ಮಾರುತ್ತಿದ್ದವನು. ಹಿರಿಯ ಮಗ ವಿಲಿಯಂ ಆ ಕಸುಬು ಹಿಡಿದು ಊರು ಬಿಟ್ಟು ಕದಲಲಿಲ್ಲ. ಕಿರಿಯವನು ಜೋನಾ ಹಡಗು ಹತ್ತಿದ. ಅಲ್ಲಿ ಆಗ ಒಂದು ಪದ್ಧತಿ ಇತ್ತು. ನೀನು ಎಷ್ಟು ತಲೆ ಕರೆತರುತ್ತೀಯೋ ಅಷ್ಟು ಜಮೀನು, ತಲೆಗಿಷ್ಟು ಎಂದು. ಗುಲಾಮರನ್ನು ಕೊಂಡು ತಂದರೆ ಅವರ ತಲೆಯೂ ಲೆಕ್ಕಕ್ಕೆ. ಹಾಗಾಗಿ ಜೋನಾನ ಹೊಲ ಹಿಗ್ಗಿದ್ದು ಅವನ ಬುದ್ಧಿಯಿಂದಲ್ಲ, ಬೇರೆಯವರ ತಲೆಗಳಿಂದ. ನೆಲ ಮೊದಲು ಯಾರದ್ದಾಗಿತ್ತೋ ಆ ಮೂಲನಿವಾಸಿಗಳ ಮಾತನ್ನಂತೂ ಎತ್ತುವವರೇ ಇಲ್ಲ. ಪಕ್ಕದ ಜಮೀನಿನ ವಿಧವೆಯನ್ನು ಮದುವೆಯಾದ, ಒಂದು ದಡ ಪೂರ್ತಿ ಬಂತು. ಅವಳು ತೀರಿಕೊಂಡಳು, ಇನ್ನೊಬ್ಬ ವಿಧವೆ, ಇನ್ನೊಂದು ದಡ. ಮಗ ಒಬ್ಬನೇ, ಥಾಮಸ್. ಅಮೆರಿಕದವರು ರಾಜನ ವಿರುದ್ಧ ಎದ್ದು ಗೆದ್ದಾಗ ರಾಜನ ಪರ ಇದ್ದ ಥಾಮಸ್ ಜಮೀನು ಕಳೆದುಕೊಂಡು, ಗುಲಾಮರನ್ನಷ್ಟೇ ಹಡಗಿಗೆ ತುಂಬಿಕೊಂಡು ಜಮೈಕಾಗೆ ಓಡಿದ. ಹೆಂಡತಿಯಿಂದ ಮಕ್ಕಳಿಲ್ಲದೆ ಸತ್ತ.

ಅಂದರೆ ಕರ್ನಲ್ ಮನೆಯವರು ಜೋನಾನ ವಂಶದವರೇ ಅಲ್ಲ. ಮಾಲ್ಟ್ ಮಾರಿದ ವಿಲಿಯಂನ ವಂಶದವರು. ಇದನ್ನು ಹೇಳಿದಾಗ ಕರ್ನಲ್ ಕೈ ಬೀಸಿದರು. "ಜೋನಾನನ್ನು ಬೇರಿನಲ್ಲಿ ಹಾಕಿ, ನಾವೆಲ್ಲ ಅವನ ಕೆಳಗೆ ನಿಲ್ತೇವೆ."

"ಅವರು ನಿಮ್ಮ ಮೂಲಪುರುಷ ಅಲ್ಲ, ಮೂಲಪುರುಷನ ತಮ್ಮ."

"ಅಷ್ಟು ಸಣ್ಣ ವಿಷಯಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀರಿ?"

ತಲೆಮಾರುಗಳಿಂದ ಮಾಲ್ಟ್ ಮಾರಿ ಮರ್ಯಾದೆಯಿಂದ ಬದುಕಿದವರು ಇವರಿಗೆ ಸಣ್ಣವರು. ಮನುಷ್ಯರನ್ನು ಕೊಂಡು ಜಮೀನು ಮಾಡಿದವನು ದೊಡ್ಡವನು. ನಾನು ಹಟ ಹಿಡಿದೆ. ಕೊನೆಗೆ ಬಲಗಡೆ ವಿಲಿಯಂ, ಎಡಗಡೆ ಜೋನಾ ಎಂದು ತೀರ್ಮಾನವಾಯಿತು. ಆದರೆ ಎಡಗಡೆ ನಿಲ್ಲುವವರೇ ಇಲ್ಲವಲ್ಲ? ಅಷ್ಟು ದೊಡ್ಡ ಹುಲ್ಲುಹಾಸಿನ ಅರ್ಧ ಬೋಳಾಗಿ ಕಾಣುವುದನ್ನು ಕರ್ನಲ್‌ಗೆ ಸಹಿಸಲಾಗಲಿಲ್ಲ. ಮ್ಯಾಂಚೆಸ್ಟರಿನ ಒಬ್ಬ ಕಲಾವಿದನಿಂದ ಜೋನಾನ ಜಮೀನಿನ ಭೂಪಟವನ್ನು ಜಮಖಾನೆಗಿಂತ ದೊಡ್ಡ ಬಟ್ಟೆಯ ಮೇಲೆ ಬರೆಸಿದರು. ನದಿ, ಒಡ್ಡು, ಗದ್ದೆ, ಬಿಳಿ ಬಂಗಲೆ. ಹಳೆಯ ನಕಾಶೆಯಲ್ಲಿ ಬಂಗಲೆಯ ಹಿಂದೆ ಸಾಲಾಗಿ ಗುಡಿಸಲುಗಳಿದ್ದವು. ಬಟ್ಟೆಯಲ್ಲಿ ಅಲ್ಲಿ ಹಸಿರು ಮರಗಳು.

"ಇಲ್ಲಿ ಗುಡಿಸಲು ಇದ್ದವು" ಎಂದೆ.

"ಮರ ಚೆನ್ನಾಗಿ ಕಾಣುತ್ತೆ" ಎಂದರು ಕರ್ನಲ್.

ಇಷ್ಟಕ್ಕೇ ಮುಗಿದಿದ್ದರೆ ಇನ್ನೊಂದು ಹಂದಿ-ಡ್ಯೂಕ್ ಕಥೆಯಾಗುತ್ತಿತ್ತು. ಆದರೆ ಕರ್ನಲ್‌ಗೆ ಅಮೆರಿಕದಲ್ಲಿ ಯಾರಾದರೂ ಸೆನೆಟರ್ ನೆಂಟ ಸಿಗಬಹುದೆಂಬ ಆಸೆ. ತಾವಾಗಿಯೇ ನಳಿಗೆಯಲ್ಲಿ ಉಗುಳಿದರು. ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಗುರುತು ಒಂದಿರುತ್ತದೆ, ಅದನ್ನೂ ನೋಡಿಸಿದರು. ಗಂಡು ಕಡೆಯಿಂದ ಅವರ ರಕ್ತದವನು ಒಬ್ಬ ಸಿಕ್ಕ. ಹೆಸರು ಡೆಲ್‌ರಾಯ್ ಮಾರ್ಬೆಕ್. ಅಮೆರಿಕದವನಲ್ಲ, ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತಿನವನು. ಕಾರು ಕಾರ್ಖಾನೆಯಿಂದ ನಿವೃತ್ತನಾದವನು. ಜಮೈಕಾದಿಂದ ಬಂದ ಕರಿಯರ ಮನೆತನ.

ಕರ್ನಲ್ ಮುಖ ಹರಳೆಣ್ಣೆ ಕುಡಿದಂತಾಯಿತು. "ಲ್ಯಾಬಿನಲ್ಲಿ ನಳಿಗೆ ಅದಲುಬದಲಾಗಿರಬೇಕು" ಎಂದರು. ಇನ್ನೊಂದು ಲ್ಯಾಬಿಗೆ ಇನ್ನೊಮ್ಮೆ ಉಗುಳಿದರು. ಅದೇ ಬಂತು.

ಸಮುದ್ರದಾಚೆ ಇದ್ದ ಮಾರ್ಬೆಕ್‌ಗಳು ಇಬ್ಬರೇ, ಜೋನಾ ಮತ್ತು ಅವನ ಮಗ. ಗದ್ದೆಯಲ್ಲಿ ದುಡಿಯುತ್ತಿದ್ದ ಯಾವುದೋ ಹೆಣ್ಣುಮಗಳ ಮೇಲೆ ಇವರಿಬ್ಬರಲ್ಲಿ ಒಬ್ಬ ಕೈ ಹಾಕಿದ್ದಾನೆ. ಯಾರೆಂದು ಉಗುಳು ಹೇಳುವುದಿಲ್ಲ. ಯಾರಾದರೇನು, ಹುಟ್ಟಿದ್ದು ಜೋನಾನ ವಂಶವೇ. ಅವಳಿಗೆ ಹುಟ್ಟಿದ ಮಗನೂ ಮಿಕ್ಕ ಗುಲಾಮರ ಜೊತೆ ಜಮೈಕಾಗೆ ಹೋಗಿದ್ದಾನೆ. ಅಂತೂ ಕರ್ನಲ್ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದ ಜೋನಾನಿಗೆ ಈ ಭೂಮಿಯ ಮೇಲೆ ನಮಗೆ ಗೊತ್ತಿರುವ ವಂಶಸ್ಥರೆಂದರೆ ಹ್ಯಾಂಡ್ಸ್‌ವರ್ತಿನವರು ಮಾತ್ರ.

ಡೆಲ್‌ರಾಯ್‌ನ ಅಕ್ಕ ವಿನೆಟ್, ಉಗುಳಿನ ಫಲಿತಾಂಶ ತಮ್ಮನಿಗೂ ಬಂದದ್ದರಿಂದ ವಿಷಯ ತಿಳಿದು, ನಮ್ಮ ಕರಪತ್ರ ಹಿಡಿದು ಕಚೇರಿಗೆ ಬಂದಳು. ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು, ನನ್ನದೇ ವಯಸ್ಸು. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಳು.

"ನಮ್ಮಪ್ಪ ಜಮೈಕಾದಿಂದ ಬಂದು ಇಲ್ಲಿ ಫೌಂಡ್ರಿಯಲ್ಲಿ ದುಡಿದರು" ಎಂದಳು. "ಆ ದೊಡ್ಡಮನೆಯ ರಕ್ತ ನಮ್ಮಲ್ಲಿದೆ ಅಂತ ಅವರ ಅಜ್ಜಿ ಹೇಳಿದ್ದರಂತೆ. ಒಂದು ಭಾನುವಾರ ಸೂಟು ಹಾಕಿ, ಹ್ಯಾಟು ಇಟ್ಟು, ಬಸ್ ಹಿಡಿದು ಅಲ್ಲಿಗೆ ಹೋದರು. ಗೇಟಿನಲ್ಲಿ 'ನಾನೂ ಮಾರ್ಬೆಕ್' ಅಂದರು. ಅಲ್ಲಿದ್ದವರು ನಕ್ಕರಂತೆ. ಸುಳ್ಳು ಹೇಳ್ಕೊಂಡು ಬಂದಿದ್ದೀಯಾ, ನಾಯಿ ಬಿಡ್ತೀವಿ ಅಂದರಂತೆ."

"ಆಮೇಲೆ?"

"ಆಮೇಲೆ ಸಾಯೋವರೆಗೂ ಊಟಕ್ಕೆ ಕೂತಾಗ ಅದನ್ನೇ ಹೇಳೋರು. ಬೀದಿಯವರು ಅವರನ್ನ 'ಲಾರ್ಡ್' ಅಂತ ಆಡಿಕೊಳ್ತಿದ್ದರು. ನಾನೂ ನಕ್ಕಿದ್ದೇನೆ, ಅಪ್ಪನ ಮುಖಕ್ಕೇ." ಅವಳು ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. "ನನಗೆ ಅವರ ಮನೆ ಬೇಡ, ನೆಂಟಸ್ತಿಕೆ ಬೇಡ. ಆ ಜೋನಾ ಎಂಥವನು ಅಂತಲೂ ಗೊತ್ತು. ಆದರೆ ನಮ್ಮ ಶಾಖೆ ಕೂಗಬೇಕು, ನಾವು ಇದ್ದೇವೆ ಅನ್ನಬೇಕು. ಅಪ್ಪ ಸುಳ್ಳುಗಾರ ಅಲ್ಲ ಅಂತ ಒಂದು ಸಲ, ಅವರ ಬಾಯಿಂದ ಬಂದರೆ ಸಾಕು."

ಅವಳಿಗೆ ಟೀ ಕೊಟ್ಟು ಕಳಿಸಿ ಸೀದಾ ನೈಜೆಲ್ ಕೋಣೆಗೆ ಹೋದೆ.

"ಕರ್ನಲ್ ಫೋನ್ ಮಾಡಿದ್ದರು" ಎಂದ ನೈಜೆಲ್, ನನ್ನ ಮುಖ ನೋಡದೆ. "ಜೋನಾ ಶಾಖೆಯ ಕೆಳಗೆ 'ಸಂತತಿ ಉಳಿದಿಲ್ಲ' ಅಂತ ಓದಬೇಕಂತೆ."

"ಎರಡು ಲ್ಯಾಬು ಬೇರೆ ಹೇಳ್ತಿವೆ."

"ಲ್ಯಾಬು ನಮ್ಮ ಗಿರಾಕಿ ಅಲ್ಲ, ಶಾಂತಾ. ಬೇಸಿಗೆ ಮುಗಿದರೆ ನೀನು ರಿಟೈರ್ ಆಗ್ತೀಯ. ಸಮಾಧಾನವಾಗಿ ಹೋಗಬಾರದಾ?"

ಮನೆಗೆ ಬಂದು ಸಿಟ್ಟಿನಿಂದ ರೊಟ್ಟಿ ತಟ್ಟುತ್ತಾ ಎಲ್ಲ ಹೇಳಿದೆ. ನಮ್ಮವರು ಟಿವಿ ಸಣ್ಣಗೆ ಮಾಡಿದರು. "ನಿನಗ್ಯಾಕ ಬೇಕಿತ್ತು ಊರ ಉಸಾಬರಿ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ, "ನಿಮ್ಮೂರ ಹೆಳವಪ್ಪ ಇದ್ದಿದ್ರ ಏನ್ ಮಾಡ್ತಿದ್ದಾ?" ಎಂದು ಕೇಳಿದರು.

"ಪುಸ್ತಕ ಕಟ್ಟಿಕೊಂಡು ಎದ್ದು ಹೋಗ್ತಿದ್ದ."

"ನೀ ಎದ್ದು ಹೋದ್ರ ನೈಜೆಲ್ ಓದತಾನ. ಅಂವಾ ಓದೂದು ಏನಂತ ಗೊತ್ತೈತಲ್ಲ."

ಅದೂ ನಿಜವೇ. ಮರುದಿನ ನಮ್ಮ ಕರಪತ್ರದ ಮಾತಿನಂತೆಯೇ ಹ್ಯಾಂಡ್ಸ್‌ವರ್ತಿನ ಮಾರ್ಬೆಕ್‌ಗಳಿಗೆ ಆಮಂತ್ರಣ ಕಳಿಸಿದೆ. ನೈಜೆಲ್‌ಗೂ ಹೇಳಿದೆ, ಕದ್ದುಮುಚ್ಚಿ ಏನೂ ಮಾಡಲಿಲ್ಲ. ಹಿಂದಕ್ಕೆ ಪಡೆಯುವ ಧೈರ್ಯವೂ ಅವನಿಗಿರಲಿಲ್ಲ. ಅವರು ಬರುವುದಿಲ್ಲ ಬಿಡು ಎಂದುಕೊಂಡಿರಬೇಕು.

ಆ ದಿನ ಬಿಸಿಲು ಚೆನ್ನಾಗಿತ್ತು. ಡೇರೆ, ಸ್ಕೋನು ಎಂಬ ಅವರ ಗಟ್ಟಿ ಬನ್ನು, ಸ್ಟ್ರಾಬೆರಿ. ಬಲಗಡೆಯಲ್ಲಿ ಬಿಳಿ ಪಟ್ಟಿಯ ಕವಲುಗಳು. ಎಡಗಡೆ ಜೋನಾನ ಹಲಗೆ, ಅದರ ಕೆಳಗೆ ಹರಡಿದ ಅವನ ಜಮೀನು. ಕರ್ನಲ್ ಬ್ಲೇಜರ್ ಹಾಕಿಕೊಂಡು ಅದರ ಅಂಚಿನಲ್ಲಿ ನಿಂತು ನೆಂಟರಿಗೆ ನದಿ ಎಲ್ಲಿ ಹರಿಯುತ್ತಿತ್ತು ಎಂದು ವಿವರಿಸುತ್ತಿದ್ದರು. ಆಗ ಗೇಟಿನಲ್ಲಿ ಒಂದು ಕೋಚ್ ಬಸ್ಸು ಬಂದು ನಿಂತಿತು.

ಚರ್ಚಿಗೆ ಹೋಗುವವರ ಹಾಗೆ ಉಡುಪು ತೊಟ್ಟು ಇಳಿದರು. ದೊಡ್ಡ ಹ್ಯಾಟಿನ ಹೆಂಗಸರು, ಇಸ್ತ್ರಿ ಮಾಡಿದ ಸೂಟಿನ ಗಂಡಸರು, ಕೂಸುಗಳು, ಒಬ್ಬ ಅಜ್ಜಿ ಗಾಲಿಕುರ್ಚಿಯಲ್ಲಿ. ಮುಂದೆ ವಿನೆಟ್. ಪಕ್ಕದಲ್ಲಿ ಡೆಲ್‌ರಾಯ್, ಕೈಯಲ್ಲಿ ಒಂದು ಹಳೆಯ ಫೆಲ್ಟ್ ಹ್ಯಾಟು. ಹುಲ್ಲುಹಾಸಿನ ಅಂಚಿಗೆ ಬಂದು ನಿಂತುಬಿಟ್ಟರು. ಯಾರೂ ಒಳಗೆ ಬನ್ನಿ ಎನ್ನಲಿಲ್ಲ.

ಕರ್ನಲ್ ನನ್ನ ಹತ್ತಿರ ಬಂದರು. "ಇವರು ಯಾರು?"

"ಡೆಲ್‌ರಾಯ್ ಮಾರ್ಬೆಕ್ ಮನೆಯವರು. ನೀವು ಎರಡು ಸಲ ಉಗುಳಿ ಹುಡುಕಿಸಿದವರು."

ನೈಜೆಲ್ ನನ್ನ ಮೊಣಕೈ ಹಿಡಿದು, "ಸಂತತಿ ಉಳಿದಿಲ್ಲ ಅಂತ ಓದು. ಪ್ಲೀಸ್" ಎಂದ. ನಾನು ಕೈ ಬಿಡಿಸಿಕೊಂಡು ಮೈಕ್ ತೆಗೆದುಕೊಂಡೆ. ಮೊದಲು ವಿಲಿಯಂನ ಶಾಖೆಗಳನ್ನು ಓದಿದೆ. ಒಂದೊಂದು ಮನೆಯವರೂ "ಇದ್ದೇವೆ" ಎಂದು ನಗುನಗುತ್ತಾ ಪಟ್ಟಿಯ ಮೇಲೆ ಹೋಗಿ ನಿಂತರು. ಕರ್ನಲ್ ಕೂಡ ನಿಂತರು. ಬಲಗಡೆ ಮುಗಿಯಿತು.

"ಜೋನಾ ಮಾರ್ಬೆಕ್, ಕರೋಲಿನಾ" ಎಂದೆ. "ಅವನ ಮಗ ಥಾಮಸ್, ಜಮೈಕಾ. ಮತ್ತು ಇವರಿಬ್ಬರಲ್ಲಿ ಒಬ್ಬನಿಗೆ, ಆ ಗದ್ದೆಗಳಲ್ಲಿ ಗುಲಾಮಳಾಗಿ ದುಡಿದ, ಹೆಸರನ್ನು ಯಾರೂ ಬರೆದಿಡದ ಒಬ್ಬ ತಾಯಿಯಲ್ಲಿ ಹುಟ್ಟಿದ ಮಗ. ಆ ಮಗನ ವಂಶ, ಜಮೈಕಾ, ಈಗ ಹ್ಯಾಂಡ್ಸ್‌ವರ್ತ್."

ವಿನೆಟ್ ಒಂದು ಹೆಜ್ಜೆ ಮುಂದೆ ಬಂದಳು. "ಇದ್ದೇವೆ."

ಅವಳ ಹಿಂದಿದ್ದವರೆಲ್ಲ ಒಟ್ಟಿಗೆ "ಇದ್ದೇವೆ" ಎಂದರು. ನಡೆದು ಬಂದರು. ಆದರೆ ಜೋನಾನ ಕಡೆ ನಿಲ್ಲಲು ಬರಿ ನೆಲ ಎಲ್ಲಿದೆ? ಉದ್ದಕ್ಕೂ ಆ ಬಟ್ಟೆ.

ಆಗ ಕರ್ನಲ್ ಬಾಯಿ ಬಿಟ್ಟರು. ಇಷ್ಟು ದೊಡ್ಡ ಮಾತು ಕೇಳಿದ ಮೇಲೆ ಆ ಮನುಷ್ಯನಿಗೆ ಹೇಳಬೇಕೆನಿಸಿದ್ದು ಇಷ್ಟೇ: "ದಯವಿಟ್ಟು ಭೂಪಟ ತುಳಿಯಬೇಡಿ! ಕೊಳೆಯಾಗುತ್ತೆ!"

ವಿನೆಟ್ ಅವರನ್ನು ಒಂದು ಕ್ಷಣ ನೋಡಿದಳು. ಆಮೇಲೆ ಬಗ್ಗಿ ತನ್ನ ಶೂ ಬಿಚ್ಚಿದಳು. ಹಿಂದಿದ್ದವರೂ ಒಬ್ಬೊಬ್ಬರಾಗಿ ಬಿಚ್ಚಿದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಬೆಳೆದ ನನಗೆ ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು. ಬರಿಗಾಲಲ್ಲಿ ಆ ಗದ್ದೆಗಳ ಮೇಲೆ, ನದಿಯ ಮೇಲೆ, ಬಿಳಿ ಬಂಗಲೆಯ ಮೇಲೆ ಹರಡಿ ನಿಂತರು. ಎಡಗಡೆ ತುಂಬಿಹೋಯಿತು. ಬಲಗಡೆಯ ವಿಲಿಯಂನ ಮರವೇ ಬಡಕಲಾಗಿ ಕಾಣತೊಡಗಿತು.

ಡೆಲ್‌ರಾಯ್ ನನ್ನ ಹತ್ತಿರ ಬಂದು ಮೆಲ್ಲಗೆ, "ನಮ್ಮವರು ಎಲ್ಲಿ ಇರ್ತಿದ್ದರು ಗೊತ್ತಾ?" ಎಂದು ಕೇಳಿದ. ನಾನು ಹಸಿರು ಮರಗಳನ್ನು ತೋರಿಸಿದೆ. ಅವನು ಅಲ್ಲಿಗೆ ಹೋಗಿ ಅಪ್ಪನ ಹ್ಯಾಟನ್ನು ಆ ಮರಗಳ ಮೇಲೆ ಇಟ್ಟು, ಅದರ ಹಿಂದೆ ನಿಂತ. ಓದು ಮುಗಿದ ಕೂಡಲೇ ಫೋಟೋ ತೆಗೆಯಬೇಕೆಂದು ಏಣಿಯ ಮೇಲಿದ್ದವನಿಗೆ ಹೇಳಿದ್ದೆವು. ಅವನು ತೆಗೆದ.

ಕರ್ನಲ್ ಭಾಷಣ ಮಾಡಿದರು. ಹವಾಮಾನಕ್ಕೆ ವಂದನೆ ಹೇಳಿದರು, ಡೇರೆಯವರಿಗೆ ಹೇಳಿದರು. ಎಡಗಡೆಯವರ ಬಗ್ಗೆ ಒಂದು ಮಾತಿಲ್ಲ, ಒಂದು ಕಪ್ ಚಹಾ ಇಲ್ಲ. ಅವರ ಒಣಗಿದ ಸ್ಕೋನು ಯಾರಿಗೆ ಬೇಕಿತ್ತು? ವಿನೆಟ್ ಮನೆಯವರು ಅಲಸಂದಿಯಂಥ ಕಾಳು ಹಾಕಿ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ತಂದಿದ್ದರು. ಕೋಚಿನ ಪಕ್ಕದಲ್ಲಿ ನಿಂತು ತಿಂದೆವು, ನನ್ನ ಜೊತೆ ಬಂದಿದ್ದ ನಮ್ಮವರು ಎರಡು ಸಲ ಹಾಕಿಸಿಕೊಂಡರು. ಭತ್ತದ ಜಮೀನ್ದಾರನ ಹೆಸರಿನಲ್ಲಿ ನಡೆದ ಆ ಜಾತ್ರೆಯಲ್ಲಿ ಅನ್ನ ಉಂಡವರು ನಾವು ಮಾತ್ರ. ಆದರೆ ವಿನೆಟ್‌ಳ ಮುಖ ಬಾಡಿತ್ತು. "ನಾವು ಹೇಳಿದೆವು" ಎಂದಳು. "ಅವರು ಹೇಳಲಿಲ್ಲ."

ನನ್ನ ಬೀಳ್ಕೊಡುಗೆಯ ದಿನ ನೈಜೆಲ್ ಕೇಕು ಕತ್ತರಿಸುತ್ತಾ ಹೊಸ ಸುದ್ದಿ ಹೇಳಿದ. ಕರ್ನಲ್‌ಗೆ ಆ ಫೋಟೋವನ್ನು ಹಜಾರದ ಗೋಡೆಯಷ್ಟು ದೊಡ್ಡದು ಮಾಡಿಸಬೇಕಂತೆ. ಆದರೆ ಎಡಗಡೆ ಕತ್ತರಿಸಿ.

"ಎಡಗಡೆ ಕತ್ತರಿಸಿದರೆ ಜೋನಾನ ಹಲಗೆಯೂ ಹೋಗುತ್ತಲ್ಲ?" ಎಂದೆ.

"ನಾನೂ ಅದನ್ನೇ ಹೇಳಿದೆ. ಹಲಗೆ, ಜಮೀನು, ನದಿ, ಎಲ್ಲ ಹೋಗುತ್ತೆ ಅಂತ. 'ಹೋಗಲಿ, ಕತ್ತರಿಸಿ' ಅಂದರು."

ಆ ವರ್ಷ ಹಳೆಯ ಮನೆಗಳನ್ನು ಜನರಿಗೆ ಪುಕ್ಕಟೆ ತೆರೆಯುವ ದಿನ ನಾನು ಟಿಕೆಟ್ ಕೊಳ್ಳದ ಪ್ರೇಕ್ಷಕಳಾಗಿ ಹೋಗಿ ನೋಡಿಕೊಂಡು ಬಂದೆ. ಕೆಂಪು ಕೋಟಿನ ತೈಲಚಿತ್ರ ಹಜಾರದಿಂದ ಕಾಣೆಯಾಗಿತ್ತು. ಆ ಜಾಗದಲ್ಲಿ ಅರ್ಧ ಫೋಟೋ. ನೋಡಲು ಬಂದವರಿಗೆ ಕರ್ನಲ್, ನಮ್ಮ ಮೂಲಪುರುಷ ವಿಲಿಯಂ, ಪ್ರಾಮಾಣಿಕ ಮಾಲ್ಟ್ ವ್ಯಾಪಾರಿ, ಈ ಊರು ಬಿಟ್ಟು ಎಲ್ಲಿಗೂ ಹೋದವನಲ್ಲ ಎಂದು ಹೇಳುತ್ತಿದ್ದರು. ನನ್ನನ್ನು ನೋಡಿ ಇನ್ನೊಂದು ಕೋಣೆಗೆ ಹೋದರು.

ಅಲ್ಲಿಂದ ಸೀದಾ ಹ್ಯಾಂಡ್ಸ್‌ವರ್ತಿಗೆ ಬಸ್ ಹಿಡಿದೆ. ವಿನೆಟ್ ಮನೆಯ ಮುಂದಿನ ಕೋಣೆಯಲ್ಲಿ ಪೂರ್ತಿ ಫೋಟೋ ಇತ್ತು, ಎರಡೂ ಕಡೆಯವರು, ಎರಡೂ ಹಲಗೆ, ಹಸಿರು ಮರಗಳ ಮೇಲೆ ಹ್ಯಾಟು. ಹಜಾರದಲ್ಲಿ ಕಂಡದ್ದನ್ನು ಹೇಳಿದೆ. ಡೆಲ್‌ರಾಯ್ ತೊಡೆ ತಟ್ಟಿಕೊಂಡು ನಕ್ಕ. ವಿನೆಟ್ ನಗಲಿಲ್ಲ. ಎದ್ದು ಹೋಗಿ ಫೋಟೋದಲ್ಲಿದ್ದ ಆ ಹ್ಯಾಟಿನ ಮೇಲಿನ ಧೂಳನ್ನು ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಒರೆಸಿದಳು.

"ನಮ್ಮಪ್ಪ ಹೇಳಿದ್ದು ಸುಳ್ಳಾಗಿದ್ದರೆ" ಎಂದಳು, "ಅವರಿಗೆ ಕತ್ತರಿ ಯಾಕೆ ಬೇಕಿತ್ತು?"